ಹಸಿರು ಚೀಟಿಯ ಇಲಿಗಳು

ಬೆಳಗಿನ ಐದೂವರೆ. ವಿಶಾಖಪಟ್ಟಣ ಬಂದರಿನ ಸೈರನ್ ಕೂಗುವ ಹೊತ್ತಿಗೆ ಹೇಮಾಕ್ಷಿ ತಾವು ಕೆಲಸ ಮಾಡುವ ಔಷಧ ಪ್ರಯೋಗಾಲಯದ ಇಲಿಮನೆಯ ಬಾಗಿಲು ತೆರೆಯುತ್ತಾರೆ. ಅರವತ್ತನಾಲ್ಕು ಪಂಜರ. ಒದ್ದೆಯಾದ ಹೊಟ್ಟು ತೆಗೆದು ಒಣಗಿದ್ದು ಹಾಸಬೇಕು, ನೀರಿನ ಬಾಟಲಿ ತುಂಬಬೇಕು. "ಏಳ್ರೋ, ಬೆಳಗಾತು," ಎನ್ನುತ್ತಾರೆ. ಬಿಳಿ ಇಲಿಗಳ ಮೀಸೆ ಅಲ್ಲಾಡುತ್ತದೆ.

ಸಿರುಗುಪ್ಪದ ಈ ಹೆಣ್ಣುಮಗಳು ವಿಜಯವಾಡದ ಭವಾನಿಪುರಂಗೆ ಸೊಸೆಯಾಗಿ ಬಂದವರು. ಗಂಡನಿಗೆ ಬಂದರಿನಲ್ಲಿ ಕೆಲಸ ಸಿಕ್ಕ ಮೇಲೆ ಇಲ್ಲಿಗೆ. "ನಮ್ಮತ್ತೆ ಸೂರ್ಯಕಾಂತಮ್ಮ ಈಗ್ಲೂ ಫೋನಾಗ ಕೇಳ್ತಾರ್ರಿ, ಇಲಿ ಮುಟ್ಟಿದ ಕೈಲೇ ಪಪ್ಪು-ಅನ್ನ ಕಲಸ್ತೀಯೇನೆ ಅಂತ."

ಗಾಂಜಾದಲ್ಲಿರುವಂಥ ಒಂದು ವಸ್ತುವನ್ನು ಮಿದುಳು ತಾನೇ ಮಾಡಿಕೊಳ್ಳುತ್ತದಂತೆ, ಹೆದರಿಕೆ ತಗ್ಗಿಸುತ್ತದಂತೆ. ಅದು ಬೇಗ ಕರಗದಂತೆ ತಡೆಯುವ ಮದ್ದೊಂದನ್ನು ಕಳೆದ ವರ್ಷ, 2017ರಲ್ಲಿ, ಶಿವಮೊಗ್ಗದ ಯುವ ಸಂಶೋಧಕಿ ಅಪೂರ್ವ ಪರೀಕ್ಷಿಸುತ್ತಿದ್ದರು. ಕೆಂಪು ಚೀಟಿಯ ಪಂಜರಕ್ಕೆ ಮದ್ದು, ಹಸಿರು ಚೀಟಿಯದಕ್ಕೆ ಬರೀ ಉಪ್ಪುನೀರು. ದೊಡ್ಡದೊಂದು ತೆರೆದ ಪೆಟ್ಟಿಗೆಗೆ ಬಿಟ್ಟಾಗ ಹಸಿರಿನವು ಹೆದರಿ ಮೂಲೆ ಸೇರಬೇಕಿತ್ತು. ಸೇರಲಿಲ್ಲ. ಮೂರು ವಾರ ಎರಡೂ ಗುಂಪು ಒಂದೇ ಸಮ ಓಡಾಡಿದವು. ಮದ್ದು ದಂಡ, ಪರೀಕ್ಷೆ ನಿಲ್ಲಿಸಿ ಎಂದರು ಮೇಲಿನವರು.

ಒಂದು ಮುಂಜಾನೆ ಅಪೂರ್ವ ಬೇಗ ಬಂದರೆ, ಹಸಿರು ಚೀಟಿಯ ಇಲಿ ಹೇಮಾಕ್ಷಿಯ ಮಡಿಲಲ್ಲಿ ನಿದ್ದೆಹೋಗಿದೆ.

"ಹೇಮಾಕ್ಷಮ್ಮ, ಏನ್ ಮಾಡ್ತಿದೀರಾ?"

"ಸವರ್ತೀನ್ರಿ ಮೇಡಂ, ದಿನಾ. ಪಾಪಂ, ಇವಕ್ಕ ಮದ್ದು ಕೊಡಂಗಿಲ್ಲಲ್ಲ."

"ಕೆಂಪಿನವನ್ನ?"

"ಅವಕ್ಕ್ಯಾಕ್ರಿ? ಅವಕ್ಕ ನೀವು ಅದೀರಲ್ಲ."

ಅಪೂರ್ವ ತಲೆ ಹಿಡಿದು ಕೂತರು. ಕೆಲಸ ಹೋಯಿತೆಂದು ಹೇಮಾಕ್ಷಿ ಅತ್ತರು. ಆದರೆ ಕೆಲಸ ಹೋಗಲಿಲ್ಲ, ಹೊಸದೊಂದು ನಿಯಮ ಬಂತು: ಕೆಂಪಿರಲಿ ಹಸಿರಿರಲಿ, ಪ್ರತಿ ಇಲಿಯನ್ನೂ ಸವರುವುದು ಎರಡೇ ನಿಮಿಷ, ಅದೂ ಹೇಮಾಕ್ಷಿಯ ಕೈಯಲ್ಲೇ. ಪರೀಕ್ಷೆ ಮೊದಲಿನಿಂದ ನಡೆಯಿತು. ಮದ್ದಿನ ಗುಣ ಸ್ವಲ್ಪ ಕಂಡಿತು.

ಹೇಮಾಕ್ಷಿಗೆ ಮಾತ್ರ ಇನ್ನೂ ತಿಳಿಯದು. "ಸವರಿದ್ರ ಆ ಗಾಂಜಾದಂಥದ್ದು ಇಲಿ ತಲ್ಯಾಗ ಹೆಚ್ಚಾತೋ, ನನ್ ತಲ್ಯಾಗೋ? ಹಗುರಾಗಿದ್ದು ಇಬ್ಬರಿಗೂ. ಮೇಡಂನ ಕೇಳಿದ್ರ ನಂಗೂ ಗೊತ್ತಿಲ್ಲ ಅಂತಾರ. ಓದಿದವರಿಗೇ ಗೊತ್ತಿಲ್ಲಂದ್ರ?"

ಗಡಿಯಾರ ನೋಡುತ್ತಾ ಇಲಿಯೊಂದನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಪಂಜರಗಳ ಚೀಟಿಗಳೆಲ್ಲ ಬಣ್ಣ ಕಾಣದಂತೆ ಮಗುಚಿವೆ; ಬಂದ ಕೂಡಲೇ ಅವರೇ ಒಂದೊಂದಾಗಿ ಮಗುಚಿದ್ದು.

"ಹಸಿರು ಕಂಡ್ರ ಎರಡು ನಿಮಿಷಕ್ಕ ಕೈ ಬಿಡಾಕ ಮನಸ್ಸ ಬರಂಗಿಲ್ರಿ."