ರೈಲು ಕಥೆಯ ಪಾದ್ರಿ ಆಸ್ಪತ್ರೆಗೆ ಬಂದ ದಿನ

ರೈಲ್ವೆ ಗೇಟಿನ ಗಂಟೆ ಬಡಿದರೆ ಈಗಲೂ ನನ್ನ ಕೈ ಪಕ್ಕದಲ್ಲಿರುವವರ ಕೈಯನ್ನು ಹುಡುಕುತ್ತದೆ. ಅಪ್ಪ ಅಮ್ಮ ದೇಶ ಬಿಟ್ಟು ಬಂದು ನೆಲೆಸಿದ್ದ ತಕಾನಿನಿಯಲ್ಲಿ ನಮ್ಮ ಬಾಡಿಗೆ ಮನೆ ಹಳಿಗೆ ಎಷ್ಟು ಹತ್ತಿರವಿತ್ತೆಂದರೆ, ಗಾಡಿ ಹೋಗುವಾಗ ಅಮ್ಮ ತೊಳೆದು ಕವುಚಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಎಲ್ಲ ಸರಿಯಾಗಿದ್ದ ಕೊನೆಯ ದಿನ ಒಂದು ಭಾನುವಾರ. ಅಮ್ಮ ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿ ಬಂದು, ನರ್ಸಿನ ಬಟ್ಟೆಯಲ್ಲೇ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಅಪ್ಪ ಸಾರಿಗೆ ಒಗ್ಗರಣೆ ಹಾಕಿದ್ದೇ ತಡ, ಚಾವಣಿಯ ಹೊಗೆ ಅಲಾರಂ ಕೂಗಿಕೊಂಡಿತು. ಅವನು ಟವೆಲು ಬೀಸುತ್ತ ಅದರ ಕೆಳಗೆ ಕುಣಿದ. ಅಮ್ಮ ಕಣ್ಣು ಮುಚ್ಚಿಕೊಂಡೇ, ಮೈಸೂರಿನ ಇಂಜಿನಿಯರಿಗೆ ಒಂದು ಕಿಟಕಿ ತೆಗೆಯೋದಕ್ಕೆ ಬರಲ್ಲ ಎಂದಳು. ಮಾಡಿಕೊಟ್ಟಿದ್ದನ್ನು ತಿನ್ನುವವರು ಮಾತಾಡಬಾರದು ಎಂದ ಅಪ್ಪ. ನಾವು ಆ ದಿನ ಮಾಡಿದ್ದು ಇಷ್ಟೇ. ಊಟ, ನಿದ್ದೆ, ಸಂಜೆಗೊಂದು ಕಥೆ.

ಕಥೆಯ ವಿಷಯ ಹೇಳಬೇಕು. ಲೈಬ್ರರಿಯಲ್ಲಿ ಮಕ್ಕಳ ರೈಲು ಕಥೆಗಳ ಒಂದು ಮಾಲೆ ಇತ್ತು, ತೆಳು ತೆಳು ಪುಸ್ತಕಗಳು. ಎಲ್ಲೋ ಹಳ್ಳಿಗಾಡಿನ ಒಂಟಿ ಹಳಿ, ಅದರ ಮೇಲೊಂದು ಪುಟ್ಟ ಗಾಡಿ, ಯಾವಾಗಲೂ ಗೊಣಗುವ ಡ್ರೈವರು, ಮತ್ತು ಆ ಊರಿನ ಪಾದ್ರಿ. ಪುಸ್ತಕ ಇಂಗ್ಲಿಷಿನದು. ಅಪ್ಪ ಅದನ್ನು ಮನಸ್ಸಿನಲ್ಲೇ ಓದಿಕೊಂಡು ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ಅವನ ಪಾದ್ರಿ ಸೈಕಲ್ಲಿನಿಂದ ಇಳಿದು, ಉದ್ದ ನಿಲುವಂಗಿಯನ್ನು ಪಂಚೆಯ ಹಾಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, "ಏನಯ್ಯಾ ಡ್ರೈವರಪ್ಪ, ನಿನ್ನ ಗಾಡಿಗಿಂತ ನನ್ನ ಸೈಕಲ್ಲೇ ವಾಸಿ ಅಲ್ವೇನಯ್ಯಾ" ಎನ್ನುತ್ತಿದ್ದ. ಇಲ್ಲೇ ಹುಟ್ಟಿದ ಮಕ್ಕಳೆಲ್ಲರಂತೆ ನನಗೂ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದಕ್ಕೇ ಅಪ್ಪ ಒಂದು ಉಪಾಯ ಹೂಡಿದ್ದ: ಪಾದ್ರಿಗೆ ಇಂಗ್ಲಿಷ್ ಬರುವುದಿಲ್ಲ. ಗಾಡಿ ಹಿಮದಲ್ಲೋ ಕೆಸರಿನಲ್ಲೋ ಸಿಕ್ಕಿಕೊಂಡಾಗ ನಾನೇ ಪಾದ್ರಿಗಳನ್ನು ಕನ್ನಡದಲ್ಲಿ ಕೂಗಬೇಕು, ಇಲ್ಲದಿದ್ದರೆ ಅವರು ಬರುವುದಿಲ್ಲ. ನಾನು ಕೂಗುತ್ತಿದ್ದೆ. ಅವರು ಬಂದು, ಗಾಡಿಯ ಹೊಟ್ಟೆಯ ಮೇಲೆ ಕೈಯಿಟ್ಟು, "ಏನೂ ಆಗಿಲ್ಲ. ನಾನಿದೀನಲ್ಲ" ಎನ್ನುತ್ತಿದ್ದರು. ಆಮೇಲೆ ನಿಜವಾಗಿಯೂ ಏನೂ ಆಗಿರುತ್ತಿರಲಿಲ್ಲ. ಹಳಿಯ ಪಕ್ಕದ ಮನೆಯಲ್ಲಿ ಗಂಟೆಗೂ ಗಾಡಿಗೂ ನಡುಗುತ್ತಿದ್ದ ನಾನು ಆ ಮಾತು ಕೇಳಿದ ಮೇಲೆಯೇ ಮಲಗುತ್ತಿದ್ದೆ.

ಆ ಭಾನುವಾರದ ಮರುದಿನ ಮನುಕಾವ್‌ನ ತನ್ನ ಆಫೀಸಿನಲ್ಲಿ ಅಪ್ಪ ಮಾತಾಡುತ್ತ ನಿಂತವನು ಕುಸಿದು ಬಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ನನಗೆ ಯಾರೂ ಹಾಗೆಂದು ಹೇಳಲಿಲ್ಲ. ಹಿಲ್ಸ್‌ಬರೋದಲ್ಲಿದ್ದ ಅಮ್ಮನ ಗೆಳತಿ ಸುಧಾ ಆಂಟಿ ಶಾಲೆಗೆ ಬಂದು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡರು. ದಾರಿಯುದ್ದಕ್ಕೂ ನಾನು ಕೇಳದಿದ್ದರೂ ಬಿಸ್ಕತ್ತು ಕೊಡುತ್ತಲೇ ಇದ್ದರು. ದೊಡ್ಡವರು ಹೆದರಿದಾಗ ಮಕ್ಕಳಿಗೆ ತಿನ್ನಲು ಕೊಡುತ್ತಾರೆ ಎಂಬುದು ನಿಮಗೂ ಗೊತ್ತಿರಬಹುದು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ದಿನಾ ಇಂಥದೇ ಕಾರಿಡಾರಿನಲ್ಲಿ ಓಡಾಡುವವಳು ಆ ದಿನ ಎಲ್ಲಿ ನಿಲ್ಲಬೇಕೆಂದೇ ತಿಳಿಯದವಳ ಹಾಗೆ ಕಂಡಳು. ಅವಳ ಕೈ ಹಿಡಿದೆ. ಗಾಜಿನಾಚೆ ಅಪ್ಪನ ಕಾಲಿನ ಕಡೆಯ ಹೊದಿಕೆಯಷ್ಟೇ ಕಾಣುತ್ತಿತ್ತು. ಯಂತ್ರವೊಂದು ಒಂದೇ ಸಮನೆ ಉಸಿರು ಬಿಡುತ್ತಿತ್ತು. ಅದು ಅಪ್ಪನ ಉಸಿರಲ್ಲ ಎಂದು ನನಗೆ ಹೇಗೋ ಗೊತ್ತಾಯಿತು.

ಆಗ ಕಾರಿಡಾರಿನ ಕೊನೆಯಿಂದ ಅವರು ಬಂದರು. ವಯಸ್ಸಾದ ಬಿಳಿಯರೊಬ್ಬರು, ಕಪ್ಪು ಅಂಗಿ, ಕೊರಳಲ್ಲಿ ಬಿಳಿ ಪಟ್ಟಿ, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ. ಇಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಮನೆಯವರ ಜೊತೆ ಕೂರಲೆಂದೇ ಪಾದ್ರಿಗಳಿರುತ್ತಾರೆ, ಮನೆಯವರು ಯಾವ ಮತದವರಾದರೂ ಸರಿ. ನನಗೆ ಅದೆಲ್ಲ ಗೊತ್ತಿರಲಿಲ್ಲ. ಶಾಲೆಯಿಂದ ಹೊರಟಾಗಿನಿಂದ ಮೊದಲ ಸಲ ನನ್ನ ಭಯ ಇಳಿಯಿತು. ಅಮ್ಮನ ಕೈ ಬಿಟ್ಟು ಓಡಿದೆ. ಟೀಚರಿಗೆ, ಗೆಳತಿಯರಿಗೆ, ಅಮ್ಮನಿಗೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ನಾನು ಆ ಬಿಳಿಯರ ತೋಳು ಹಿಡಿದು ಕನ್ನಡದಲ್ಲಿ ಹೇಳಿದೆ: "ಪಾದ್ರಿಗಳೇ, ಬೇಗ ಬನ್ನಿ. ನಮ್ಮಪ್ಪ ಏಳ್ತಾನೇ ಇಲ್ಲ."

ಅವರು ಮಂಡಿಯೂರಿ ನನ್ನ ಮುಖದ ಎತ್ತರಕ್ಕೆ ಬಂದರು. ಒಂದಕ್ಷರವೂ ತಿಳಿಯದಿದ್ದರೂ ಪೂರ್ತಿ ಕೇಳಿಸಿಕೊಂಡರು. ತಿರುಗಿ ನೋಡಿದರೆ ಅಮ್ಮ ಎರಡೂ ಕೈ ಚಾಚಿ ಅಪ್ಪನ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಭಯವನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಯಾರು ಕರೆಸಿದ್ದು ಇವರನ್ನ ಎಂದು ಸುಧಾ ಆಂಟಿಯನ್ನು ಕೇಳಿದಳು. ದೊಡ್ಡವಳಾದ ಮೇಲೆ ನನಗೆ ಅರ್ಥವಾಯಿತು. ಡಾಕ್ಟರುಗಳ ಕೆಲಸ ಮುಗಿಯುವ ಹೊತ್ತಿಗೆ ಪಾದ್ರಿಗಳಿಗೆ ಫೋನು ಮಾಡುವುದು ಅಮ್ಮನ ವಾರ್ಡಿನಲ್ಲಿ ಅಮ್ಮನದೇ ಕೆಲಸವಾಗಿತ್ತು. ಅವರು ಬಂದರೆಂದರೆ ಏನರ್ಥವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಅವರು ಒಳಗೆ ಹೋಗಲಿಲ್ಲ. ಮಗು ಏನು ಕೇಳುತ್ತಿದೆ ಎಂದು ಅಮ್ಮನನ್ನು ಮೆಲ್ಲಗೆ ವಿಚಾರಿಸಿದರು. ಅಮ್ಮ ಬಾಗಿಲಿಗೆ ಅಡ್ಡ ಹಿಡಿದ ಕೈ ಇಳಿಸಿದಳು. ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು, ರೈಲು ಕಥೆ, ಸೈಕಲ್ಲು, ಪಾದ್ರಿಯನ್ನು ಕರೆಯುವ ಆಟ. ಕಥೆಯ ಪಾದ್ರಿ ಆಡುವ ಮಾತು ಯಾವುದು, ತಾವು ಕಲಿತು ಹೇಳಬಹುದೇ ಎಂದು ಅವರು ಕೇಳಿದರು. ಒಳ್ಳೆಯವರು, ಕೇಳಿದ್ದೂ ಒಳ್ಳೆಯ ಮನಸ್ಸಿನಿಂದಲೇ. ನಾನು ಹೇಳಿಕೊಡು ಎಂದು ಅಮ್ಮನ ಅಂಗಿ ಜಗ್ಗಿದೆ. ಅವಳು ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು.

"ಬೇಡ ಕಂದಾ. ಅವರು ಹೇಳಿಬಿಟ್ರೆ ನೀನು ನಂಬ್ತೀಯ."

ಆಗ ನನಗೆ ಗೊತ್ತಾಯಿತು. ಅಳು ಬರಲಿಲ್ಲ. ಪಾದ್ರಿಗಳು ನನ್ನ ಒಂದು ಕೈ ಹಿಡಿದರು, ಅಮ್ಮ ಇನ್ನೊಂದು. ನಾವು ಮೂವರೂ ಒಳಗೆ ಹೋದೆವು. ಪಾದ್ರಿಗಳು ಕುರ್ಚಿಯಲ್ಲಿ ಕೂತರು. ಆ ಮಾತು ಅಂದಾರೆಯೇ ಎಂದು ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಸಂಜೆಯ ಹೊತ್ತಿಗೆ ಯಂತ್ರ ನಿಲ್ಲಿಸಿದರು.

ಆ ಮನೆ ಈಗಿಲ್ಲ. ಅದನ್ನು ಕೆಡವಿ ಸಾಲು ಮನೆಗಳನ್ನು ಕಟ್ಟಿದ್ದಾರೆ. ಅಲ್ಲಿಂದ ಹೊರಟ ಮೇಲೂ ಭಯ ನಮ್ಮ ಜೊತೆಗೇ ಬಂತು. ನಾನು ಫೋನು ತೆಗೆಯುವುದು ತಡವಾದರೆ ಅಮ್ಮ ಕಾರು ತೆಗೆದುಕೊಂಡು ಹೊರಟೇಬಿಡುತ್ತಿದ್ದಳು. ಅವಳು ಬರುವುದು ತಡವಾದರೆ ನಾನು ರಸ್ತೆಯ ತುದಿಯಲ್ಲಿ ನಿಂತಿರುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಆ ಮಾಲೆಯ ಪುಸ್ತಕಗಳನ್ನು ಹುಡುಕಿ ಓದಿದೆ. ಪಾದ್ರಿ ಅಲ್ಲೊಂದು ಇಲ್ಲೊಂದು ಪುಟದಲ್ಲಿ ಬಂದು, ಚಹಾ ಕುಡಿದು, ಗಾಡಿಗೆ ಕೈ ಬೀಸಿ ಹೋಗುತ್ತಾನೆ. ಅವನನ್ನು ಯಾರೂ ಕೂಗುವುದಿಲ್ಲ, ಅವನು ಯಾರಿಗೂ ಧೈರ್ಯ ಹೇಳುವುದಿಲ್ಲ. ಅದಷ್ಟೂ ಅಪ್ಪನದು. ಅದನ್ನು ಅಮ್ಮನಿಗೆ ಹೇಳಿದಾಗ, ನಿಮ್ಮಪ್ಪ ಸುಳ್ಳು ಹೇಳೋದರಲ್ಲಿ ಗಟ್ಟಿಗ ಎಂದು ನಕ್ಕಳು. ಹೋದ ಚಳಿಗಾಲದಲ್ಲಿ ಅವಳೂ ಹೋದಳು. ಇನ್ನು ಕೇಳಿ ತಿಳಿಯೋಣವೆಂದರೆ ಯಾರೂ ಇಲ್ಲ. ಅಪ್ಪ ಆಡಿದ ಮಾತುಗಳೆಲ್ಲ ನನಗೆ ನೆನಪಿವೆ. ಅವನ ದನಿ ನೆನಪಿಲ್ಲ.