ತೊಟ್ಟಿಯಲ್ಲಿ ನೆನೆದ ತೊಂಬತ್ತು ಬಾಟಲಿಗಳು

ಬೋರ್ಡಿನ ಮೇಲೆ ರಾಸಾಯನಿಕಗಳಿಗೆ ಹೆಸರಿಡೋದಕ್ಕೇ ಹುಟ್ಟಿದ ಮನುಷ್ಯ ಅಂದರೆ ಕಾಲೇಜಿನ ರಸಾಯನಶಾಸ್ತ್ರದ ಹೊಸ ಮುಖ್ಯಸ್ಥ. ಲೋಹದ ಹೆಸರು ಮೊದಲು, ಅದರ ಜೊತೆಗಾರನದು ಆಮೇಲೆ. ಕಬ್ಬಿಣದಂಥ ಎರಡು ಮನಸ್ಸಿನ ಲೋಹವಾದರೆ ಪಕ್ಕದಲ್ಲಿ ಎರಡೋ ಮೂರೋ ಅಂತ ರೋಮನ್ ಅಂಕಿ ಹಾಕಬೇಕು. ತಪ್ಪಿದ ಮಕ್ಕಳನ್ನು "ದಂಡಪಿಂಡಗಳಾ" ಅಂತ ಜರೆಯುತ್ತಿದ್ದರು. ಆದರೆ ಈ ಪುಣ್ಯಾತ್ಮ ಬಂದ ಎರಡು ವರ್ಷದಲ್ಲಿ ಒಂದೇ ಒಂದು ಬಾಟಲಿಯ ಮುಚ್ಚಳ ತೆಗೆದದ್ದನ್ನು ಲ್ಯಾಬಿನ ಅಟೆಂಡರ್ ಬಾಟ್ಲಿಯಕ್ಕ ಕಂಡಿರಲಿಲ್ಲ.

ಬಾಟ್ಲಿಯಕ್ಕ ಅನ್ನೋದು ಮಕ್ಕಳಿಟ್ಟ ಹೆಸರು. ಗಂಡ ತೀರಿಕೊಂಡ ವರ್ಷ ಕೆಲಸಕ್ಕೆ ಸೇರಿದವಳು, ಮೂವತ್ತೊಂದು ವರ್ಷದಿಂದ ಆ ಆಸಿಡ್ ತಿಂದ ಕಲ್ಲುಮೇಜುಗಳನ್ನು ಒರೆಸುತ್ತಿದ್ದಳು. ನಿವೃತ್ತಿಗೆ ಇನ್ನೆರಡೇ ತಿಂಗಳು. ಇಷ್ಟು ವರ್ಷದಲ್ಲಿ ಒಂದು ಮೆಮೊ ತಗೊಂಡವಳಲ್ಲ. ಹಾಗೇ ತಲೆಯೆತ್ತಿಕೊಂಡು ಮನೆಗೆ ಹೋಗಬೇಕು ಅನ್ನೋದೊಂದೇ ಅವಳ ಹಠ.

ಶನಿವಾರ ಮಧ್ಯಾಹ್ನ ಮುಖ್ಯಸ್ಥರಿಗೆ ಅವಳ ಲೇಬಲ್‌ಗಳು ಕಣ್ಣಿಗೆ ಬಿದ್ದವು. ಅನ್ನಭೇದಿ, ಮೈಲುತುತ್ತ, ನವಸಾಗರ, ಎಲ್ಲಾ ಲ್ಯಾಬಿನ ಉಪ್ಪುಗಳ ಹಳೇ ನಾಟಿ ಹೆಸರುಗಳು.

"ಇದೇನು ಲ್ಯಾಬೋ, ಗಿಡಮೂಲಿಕೆ ಅಂಗಡಿಯೋ? ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಎಲ್ಲಾ ಕಿತ್ತು ಸರಿಯಾದ ಹೆಸರು ಅಂಟಿಸ್ಬೇಕು."

"ಒಂದೊಂದಾಗಿ ಮಾಡೋಣ ಸಾರ್. ಒಂದು ಕಿತ್ತು, ಒಂದು ಅಂಟಿಸಿ..."

"ನಂಗೇ ಪಾಠ ಹೇಳ್ತೀರಾ? ಹೋಗಿ ಆಫೀಸಿಂದ ಲೇಬಲ್ ಕಾಗದ ತನ್ನಿ."

ಅವಳು ತರೋದರೊಳಗೆ ಆ ಮಹಾಶಯ ಅಂಗಿಯ ತೋಳು ಮಡಚಿ, ತೊಂಬತ್ತು ಬಾಟಲಿಗಳನ್ನೂ ತೊಟ್ಟಿಯ ನೀರಿಗಿಳಿಸಿ ಆಗಿತ್ತು. ಲೇಬಲ್‌ಗಳು ಶಾಯಿ ಬಿಟ್ಟು ತೇಲುತ್ತಿದ್ದವು. ಮೇಜಿನ ಮೇಲೆ ಎತ್ತಿಟ್ಟರೆ ತೊಂಬತ್ತರಲ್ಲಿ ಎಪ್ಪತ್ತು ಬಾಟಲಿಗಳಲ್ಲಿ ಒಂದೇ ಥರದ ಬಿಳಿ ಪುಡಿ.

ಮುಖ್ಯಸ್ಥರು ಒಂದನ್ನೆತ್ತಿ ತಿರುಗಿಸಿದರು, ಅಲ್ಲಾಡಿಸಿದರು. "ಸೋಡಿಯಂ... ಅಲ್ಲ, ಪೊಟ್ಯಾಸಿಯಂ ಇರ್ಬೇಕು." ಥೂ, ಎಂಥಾ ಓದೋ ಏನೋ! ಹೆಸರುಗಳ ಸರದಾರನಿಗೆ ಉಪ್ಪಿನ ಮುಖಪರಿಚಯವೇ ಇಲ್ಲ ಅಂತ ಬಾಟ್ಲಿಯಕ್ಕನಿಗೆ ಹೇಸಿಗೆಯಾಯಿತು.

ಆಮೇಲೆ ಆತ ಕೂತು ಪ್ರಿನ್ಸಿಪಾಲರಿಗೆ ಕಾಗದ ಬರೆಯತೊಡಗಿದರು. ಅವಳು ಭುಜದ ಹಿಂದಿನಿಂದ ಓದಿದಳು. "ಅಟೆಂಡರರ ಬೇಜವಾಬ್ದಾರಿಯಿಂದ ಲೇಬಲ್‌ಗಳು ನಾಶವಾಗಿದ್ದು, ಶಿಸ್ತುಕ್ರಮ..." ಅವಳ ಮೈಯೆಲ್ಲ ಉರಿದುಹೋಯಿತು.

ಹತ್ತಿರದ ಬಾಟಲಿಯನ್ನು ತಲೆಕೆಳಗು ಮಾಡಿ ಅವರ ಮೂಗಿನ ಕೆಳಗೆ ಹಿಡಿದಳು. ತಳದಲ್ಲಿ ಕೆಂಪು ನೇಲ್‌ಪಾಲಿಶ್‌ನಲ್ಲಿ ಮೂವತ್ತೇಳು ಅಂತ ಬರೆದಿತ್ತು. ಒಂದು ವರ್ಷ ಜಿರಲೆಗಳು ಲೇಬಲ್ ತಿಂದುಹಾಕಿದ ಮೇಲೆ ಎಲ್ಲದಕ್ಕೂ ಹೀಗೆ ನಂಬರ್ ಹಾಕಿದ್ದಳು. ಯಾವ ನಂಬರಿಗೆ ಯಾವ ಉಪ್ಪು ಅನ್ನೋ ಪಟ್ಟಿಯ ನೋಟ್‌ಬುಕ್ಕನ್ನು ಏಪ್ರನ್ ಜೇಬಿನಿಂದ ತೆಗೆದು ತೋರಿಸಿದಳು.

ಮುಖ್ಯಸ್ಥರ ಮುಖ ಅರಳಿತು. "ಕೊಡಿ, ಕೊಡಿ!"

"ಮೊದ್ಲು ಆ ಕಾಗದ ಹರೀರಿ."

ಹರಿದರು.

"ಇನ್ನೂ ಸಣ್ಣಗೆ."

ಆಮೇಲೆ ಅವಳು ಓದಿದಳು, ಅವರು ಶಾಲೆಯ ಹುಡುಗನ ಹಾಗೆ ತಲೆತಗ್ಗಿಸಿ ಬರೆದರು. "ಹನ್ನೆರಡು. ಅನ್ನಭೇದಿ."

"ಐರನ್ ಎರಡು ಸಲ್ಫೇಟ್," ಅಂದು ಬರೆದು, ಬಾಟಲಿ ನೋಡದೇ ಅಂಟಿಸಿದರು.

ತಿಳಿಹಸಿರು ಇರಬೇಕಾದ ಪುಡಿ ಗಾಳಿಯ ತೇವ ಕುಡಿದು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಯಾವ ಕಾಲದಿಂದಲೋ! ತಾನೂ ನಂಬರ್ ನಂಬಿಕೊಂಡು ನೋಡಿರಲಿಲ್ಲವಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಸುಮ್ಮನಿದ್ದರೆ ಸೋಮವಾರ ಆತನ ಮಾನ ಹೋಗುತ್ತಿತ್ತು, ಚೆನ್ನಾಗಿಯೇ ಹೋಗುತ್ತಿತ್ತು. ಆದರೆ ಅಂಕ ಹೋಗುವುದು ಮಕ್ಕಳದು.

"ಕಣ್ಣು ಬಿಟ್ಟು ನೋಡಿ ಸಾರ್. ನಿಮ್ಮ ಎರಡು ಮೂರಾಗ್ತಾ ಇದೆ."

ಅವರು ಮೊದಲ ಸಲ ಬಾಟಲಿಯೊಳಗೆ ಇಣುಕಿದರು. ತುಂಬ ಹೊತ್ತು ನೋಡಿದರು. "ಹಾಗಾದ್ರೆ... ಏನಂತ ಬರೀಲಿ?"

"ಬರೆಯೋದಲ್ಲ, ಚೆಲ್ಲೋದು. ಹೊಸ ಡಬ್ಬ ಬೀರುವಿನಲ್ಲಿದೆ, ತುಂಬಿಸಿ."

ಅವರು ಎದ್ದು, ತಾವೇ ಅಂಟಿಸಿದ ಲೇಬಲನ್ನು ಉಗುರಿನಿಂದ ಕೆರೆಯತೊಡಗಿದರು. ಬರಲಿಲ್ಲ. ತೊಟ್ಟಿಯ ಕಡೆ ನೋಡಿದರು, ಆಮೇಲೆ ಅವಳ ಕಡೆ.

"ಒಂದೇ ತಾನೇ," ಅಂದಳು ಬಾಟ್ಲಿಯಕ್ಕ. "ನೆನೆಸ್ಕೊಳ್ಳಿ."