ಅರಗು ಒಡೆಯದ ಗಾಡಿ

ಮೊನ್ನೆ ಕೊಪ್ಪಳದ ಅಂಚೆ ಕಚೇರಿಯಲ್ಲಿ ವಿಮೆ ಪಾರ್ಸಲ್ ಮಾಡಿಸಲು ನಿಂತಿದ್ದೆ. ರಾಯಚೂರಿನಲ್ಲಿರುವ ಮೊಮ್ಮಗಳಿಗೆ ಒಂದು ಜೊತೆ ಕಾಲ್ಗೆಜ್ಜೆ, ಅಷ್ಟೇ. ಕೌಂಟರಿನ ಗುಮಾಸ್ತ ಕೆಂಪು ಅರಗಿನ ಕಡ್ಡಿಯನ್ನು ಮೇಣದ ಬತ್ತಿಗೆ ಹಿಡಿದು, ದಾರದ ಗಂಟಿನ ಮೇಲೆ ನಾಲ್ಕು ಹನಿ ಬಿಟ್ಟು, ಹಿತ್ತಾಳೆಯ ಮುದ್ರೆ ಒತ್ತಿದ. "ಇನ್ನ ಯಾರೂ ಬಿಚ್ಚಂಗಿಲ್ಲ ಬಿಡ್ರಿ ಸರ" ಎಂದ. ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಕಟ್ಟೆಯನ್ನು ಹಿಡಿದುಕೊಂಡಿತು. ಹಿಂದೆ ನಿಂತಿದ್ದವರು ಮುದುಕನಿಗೆ ತಲೆ ತಿರುಗಿತೆಂದು ನೀರು ತಂದುಕೊಟ್ಟರು. ತಲೆ ತಿರುಗಿರಲಿಲ್ಲ. ನನಗೆ ಮಿಸ್ತ್ರಿ ನೆನಪಾಗಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಗಂಗಾವತಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮಿಸ್ತ್ರಿಯ ಶೆಡ್ಡು ನನ್ನ ಬಾಡಿಗೆ ಕೋಣೆಯ ಎದುರಿಗೇ ಇತ್ತು. ತಗಡಿನ ಚಪ್ಪರ, ಒಂದು ಬೇವಿನ ಗಿಡ, ಗಿಡದ ಕೊಂಬೆಗೆ ಇಂಜನ್ ಎತ್ತುವ ಸರಪಳಿ. ಕುಳ್ಳಗಿನ ಮನುಷ್ಯ, ಮಾತು ಕಡಿಮೆ. ಗಾಡಿಗೆ ಏನಾಗಿದೆ ಎಂದು ತಂದವರನ್ನು ಕೇಳುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜನ್ನಿಗೆ ತಾಗಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಗಾಡಿ ಸುಳ್ಳ ಹೇಳಂಗಿಲ್ಲ ಮಾಸ್ತರ, ಗಾಡಿ ತಂದಾಂವ ಹೇಳತಾನ" ಎಂದು ಒಮ್ಮೆ ನನಗೆ ಹೇಳಿದ್ದುಂಟು. ಆ ಮಾತು ಎಷ್ಟು ನಿಜವೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ಆ ಕಾಲಕ್ಕೆ ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪುಗಳು ನಮ್ಮ ಕಡೆ ಬಂದಿದ್ದವು. ಎಲ್ಲವೂ ಒಂದೇ ಮಾದರಿ, ಹೆಚ್ಚು ಕಡಿಮೆ ಒಂದೇ ವಯಸ್ಸು. ಕಾರಟಗಿಯ ಅಕ್ಕಿ ಗಿರಣಿಯವರು ಕೊಂಡರು, ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲದವರು ಕೊಂಡರು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತು ಕೈ ಬಿಡುವಾದಾಗ ಯಾರಿಗೋ ಹುಕಿ ಬಂತು. ಎತ್ತಿನ ಗಾಡಿಯ ಶರ್ಯತ್ತು ಇರುವಾಗ ಜೀಪಿನದ್ದೇಕೆ ಬೇಡ? ಕುಷ್ಟಗಿ ದಾರಿಯ ಒಂದು ಬತ್ತಿದ ಕೆರೆಯ ಅಂಗಳದಲ್ಲಿ ಒಂಬತ್ತು ಜೀಪು, ಹತ್ತು ಸುತ್ತು. ಗೆದ್ದವನ ತಲೆಗೆ ಜರದ ರುಮಾಲು. ಸುತ್ತಲಿನ ಹಳ್ಳಿಗಳೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಬಂದಿದ್ದವು.

ಮೊದಲ ವರ್ಷ ಗೆದ್ದವನು ಮಿಸ್ತ್ರಿಯ ಹೆಂಡತಿಯ ತಮ್ಮ. ಊರು ಮಂಗಳೂರು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾದ ಮಂಗಳೂರು, ಅಲ್ಲಿ ಕೆರೆಯ ನೀರು ಸಿಕ್ಕರೆ ಪುಣ್ಯ. ನಗುಮುಖದ ಹುರಿಯಾಳು, ಜೀಪು ಓಡಿಸಲೆಂದೇ ಹುಟ್ಟಿದವನಂತಿದ್ದ. ಅವನ ತಲೆಗೆ ರುಮಾಲು ಬಿಗಿಯುವ ಹೊತ್ತಿಗೇ ಕಾರಟಗಿಯ ಗಿರಣಿ ಸಾವ್ಕಾರ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟ: "ಅಕ್ಕನ ಗಂಡ ಮಿಸ್ತ್ರಿ ಇದ್ದಮ್ಯಾಲ ಗಾಡಿ ಓಡಲಾರದ ಏನ ಮಾಡತೈತ್ರಿ?"

ಜನ ನಕ್ಕರು. ಅವನು ರುಮಾಲು ಬಿಚ್ಚಿ ಜೀಪಿನ ಬಾನೆಟ್ಟಿನ ಮೇಲಿಟ್ಟು ಹೋದ. ಮಿಸ್ತ್ರಿ ಅವನ ಇಂಜನ್ನಿಗೆ ಕೈ ಹಚ್ಚಿರಲೇ ಇಲ್ಲ, ನನಗೆ ಗೊತ್ತಿತ್ತು. ಆದರೆ ಆಡುವವರ ಬಾಯಿಗೆ ಯಾರು ಬೀಗ ಹಾಕುತ್ತಾರೆ? ವರ್ಷವಿಡೀ ಆ ಮಾತು ಮಿಸ್ತ್ರಿಯನ್ನು ತಿಂದಿತು.

ಮರುವರ್ಷ ಶರ್ಯತ್ತಿಗೆ ಮುಂಚೆ ಅವರು ನನ್ನ ಕೋಣೆಗೆ ಬಂದರು. ನಿಯಮ ಬರೆಯಬೇಕು, ನಿಮ್ಮ ಅಕ್ಷರ ದುಂಡಗಿವೆ ಅಂದರು. ಅವರು ಹೇಳಿದರು, ನಾನು ಬರೆದೆ. ಎಲ್ಲರಿಗೂ ಒಂದೇ ಮಾದರಿಯ ಗಾಡಿ, ಒಂದೇ ಅಳತೆಯ ಟಾಯರು, ಇಂಜನ್ನಿನ ಒಳಗೆ ಅರ ಹಚ್ಚಿ ಉಜ್ಜುವಂತಿಲ್ಲ, ಹಿಂದಿನ ಗಾಲಿಗಳ ನಡುವಿನ ಹಲ್ಲುಚಕ್ರ ಬದಲಿಸುವಂತಿಲ್ಲ. ಎಂಟು ದಿನ ಮೊದಲೇ ಒಂಬತ್ತೂ ಗಾಡಿ ಶೆಡ್ಡಿಗೆ ಬರಬೇಕು. ಮಿಸ್ತ್ರಿ ತಪಾಸು ಮಾಡಿ, ಇಂಜನ್ನಿನ ಹೆಡ್ಡಿಗೂ ಹಿಂದಿನ ಎರಡು ಗಾಲಿಗಳ ಮುಚ್ಚಳಕ್ಕೂ ಅರಗಿನ ಮುದ್ರೆ ಒತ್ತುತ್ತಾರೆ. ಗಾಲಿಗೆ ಯಾಕೆಂದರೆ, ಗಾಲಿ ಬಿಚ್ಚದೆ ಆ ಹಲ್ಲುಚಕ್ರ ಬದಲಿಸಲು ಬರುವುದಿಲ್ಲ. ಏಳನೆಯ ನಿಯಮ: ಅರಗು ಒಡೆದ ಗಾಡಿ ಶರ್ಯತ್ತಿನಿಂದ ಹೊರಗೆ. ಅದರ ಮುಂದೆ "ಕಾರಣ ಏನೇ ಇರಲಿ" ಎಂಬ ಮೂರು ಶಬ್ದ ನಾನೇ ಸೇರಿಸಿದ್ದು. ಮಿಸ್ತ್ರಿ ಹೇಳಿರಲಿಲ್ಲ. ಓದಿ ನೋಡಿ ನನಗೆ ನಾನೇ ಮೆಚ್ಚಿಕೊಂಡಿದ್ದೆ, ಭಾಳ ಬಿಗಿಯಾದ ವಾಕ್ಯವೆಂದು.

ಮುದ್ರೆಗೆ ಏನು ಮಾಡುವುದು? ಮಿಸ್ತ್ರಿ ಒಳಗೆ ಹೋಗಿ ಹೆಂಡತಿಯನ್ನು ಕೇಳಿ ಒಂದು ಬೆಳ್ಳಿ ರೂಪಾಯಿ ತಂದರು. ನಿಜಾಮರ ಕಾಲದ್ದು, ಚಾರ್‌ಮಿನಾರಿನ ಚಿತ್ರವಿದ್ದದ್ದು. ಆಕೆಯ ಮದುವೆಯಲ್ಲಿ ತವರಿನವರು ಕೊಟ್ಟದ್ದಂತೆ. ಬಿಸಿ ಅರಗಿನ ಮೇಲೆ ಒತ್ತಿ ಎತ್ತಿದರೆ ನಾಲ್ಕು ಮಿನಾರು ಚೊಕ್ಕಾಗಿ ಮೂಡುತ್ತಿದ್ದವು. ಇಬ್ಬರೂ ಹಿಗ್ಗಿದೆವು. ಇಬ್ಬರೂ ನಿಜಾಮರ ರಾಜ್ಯದಲ್ಲಿ ಹುಟ್ಟಿ ಬೆಳೆದವರು. ನಮ್ಮ ಸೀಮೆಯ ಯಾವ ಮನೆಯ ಪೆಟ್ಟಿಗೆ ತೆಗೆದರೂ, ಯಾವ ಮುದುಕಿಯ ಕೊರಳು ನೋಡಿದರೂ ಇಂಥದ್ದೊಂದು ರೂಪಾಯಿ ಇದ್ದೇ ಇರುತ್ತದೆಂಬುದು ನಮಗೆ ಹೊಳೆಯಲಿಲ್ಲ. ದಿನಾ ಕಾಣುವ ವಸ್ತು ಕಣ್ಣಿಗೆ ಬೀಳುವುದಿಲ್ಲ ನೋಡಿ.

ಆ ಹಳೇ ಜೀಪುಗಳಿಗೆ ಒಂದು ರೋಗವಿತ್ತು. ಹಿಂದಿನ ಗಾಲಿಯನ್ನು ಹಿಡಿದಿಡುವ ಕಬ್ಬಿಣದ ಸರಳು, ಆಕ್ಸಲ್ ಅನ್ನುತ್ತಾರಲ್ಲ ಅದು, ದಣಿದು ದಣಿದು ಗಾಲಿಯ ಬುಡದಲ್ಲಿ ಸೀಳು ಬಿಡುತ್ತಿತ್ತು. ಒಳಗಿನ ನಟ್ಟು ಸಡಿಲಾದರಂತೂ ಬೇಗ. ಅದು ಮಿಸ್ತ್ರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅರಗು ಹಾಕುವ ದಿನ ಒಂಬತ್ತೂ ಗಾಡಿಯ ಗಾಲಿ ಬಿಚ್ಚಿ, ಸರಳು ನೋಡಿ, ನಟ್ಟು ಬಿಗಿದು, "ಎಂಟ ದಿನಕ್ಕ ಏನೂ ಆಗಂಗಿಲ್ಲ" ಎಂದಿದ್ದರು. ಆದರೆ ಗಾಡಿಗಳು ಮನೆಗೆ ಮರಳಿದವು, ಅದು ಹೊಲಕ್ಕೆ ಗೊಬ್ಬರ ಹೇರುವ ಕಾಲ. ಎಂಟು ದಿನ ಜೀಪು ಸುಮ್ಮನೆ ನಿಲ್ಲಿಸುವಷ್ಟು ಪುಣ್ಯವಂತರು ಯಾರಿದ್ದರು?

ಶರ್ಯತ್ತಿನ ದಿನ ಬೆಳಿಗ್ಗೆ ಕೆರೆಯ ಅಂಗಳದಲ್ಲಿ ಮಿಸ್ತ್ರಿ ಒಂದೊಂದೇ ಮುದ್ರೆ ನೋಡುತ್ತ ಬಂದರು. ಎಲ್ಲ ಕಡೆ ಚಾರ್‌ಮಿನಾರು ಇತ್ತು. ಕೊನೆಯ ಗಾಡಿ ಮಂಗಳೂರಿನವನದು. ಅವನು ಮೆಲ್ಲಗೆ ಅಂದ: "ಮಾಮಾ, ಎಡಗಡೆ ಹಿಂದಿನ ಗಾಲಿ ನಿನ್ನಿಯಿಂದ ಕಟ ಕಟ ಅಂತೈತ್ರಿ. ಒಂದೀಟ ಬಿಚ್ಚಿ ನೋಡ್ತೀರೇನು?"

ಮಿಸ್ತ್ರಿ ಜೀಪನ್ನು ಹಿಂದೆ ಮುಂದೆ ತಳ್ಳಿಸಿದರು. ಸ್ಕ್ರೂಡ್ರೈವರನ್ನು ಗಾಲಿಯ ಬುಡಕ್ಕೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕುಳಿತರು. ತುಂಬ ಹೊತ್ತು ಕುಳಿತಿದ್ದರು... ಅಷ್ಟು ಹೊತ್ತು ಅವರು ಕಿವಿಗೊಟ್ಟದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿ, "ಮಾಸ್ತರ, ಏನ ಮಾಡೂಣ್ರಿ?" ಎಂದರು.

ನನ್ನ ಕೈಯಲ್ಲಿ ನಿಯಮದ ವಹಿ ಇತ್ತು. ಸುತ್ತ ಎಂಟು ಜೀಪಿನವರು ನಿಂತಿದ್ದರು. ಕಾರಟಗಿಯ ಸಾವ್ಕಾರ ಅಡಿಕೆ ಅಗಿಯುತ್ತ, "ಬಿಚ್ಚಿ ಕೊಡ್ರಿ ಮಿಸ್ತ್ರಿ, ಹೆಂಡ್ರ ತಮ್ಮ ಅಲ್ಲೇನು. ನಾವೇನ ಅನ್ನಂಗಿಲ್ಲ" ಎಂದ. ಅವನ ಬಾಯಿಂದ ಆ ಮಾತು ಬಂದಮೇಲೆ ಬಿಚ್ಚುವುದು ಹೇಗೆ? ನಾನು ವಹಿ ತೆರೆದು ಏಳನೆಯ ನಿಯಮ ಓದಿದೆ. "ಕಾರಣ ಏನೇ ಇರಲಿ" ಅನ್ನುವುದನ್ನು ತರಗತಿಯಲ್ಲಿ ಪ್ರಮೇಯ ಓದಿದ ಹಾಗೆ ಒತ್ತಿ ಓದಿದೆ. ಮಿಸ್ತ್ರಿ ಎದ್ದು ಮೊಣಕಾಲಿನ ಮಣ್ಣು ಜಾಡಿಸಿಕೊಂಡರು. "ಆವಾಜ್ ಅಷ್ಟೇನಿಲ್ಲ ತಮ್ಮಾ. ಸಾವಕಾಶ ಹೊಡಿ" ಅಂದರು. ಅವನು ಹೂಂ ಅಂದ.

ಸಾವಕಾಶ ಹೊಡೆಯುವವನೇ ಅವನು? ಹೋದ ವರ್ಷದ ಕಳಂಕ ತೊಳೆಯಲೆಂದು ಬಂದವನು. ಎಂಟನೆಯ ಸುತ್ತಿಗೆ ಎಲ್ಲರಿಗಿಂತ ಮುಂದಿದ್ದ. ಧೂಳಿನೊಳಗಿಂದ ಒಂದು ಗಾಲಿ ಒಂಟಿಯಾಗಿ ಹೊರಗೆ ಬಂತು. ಜೀಪಿಗಿಂತ ಮುಂದೆ, ತನ್ನ ಪಾಡಿಗೆ ತಾನು, ಕುಣಿಯುತ್ತ ಓಡಿತು. ಜನ ನಕ್ಕರು. ನಾನೂ ನಕ್ಕೆ. ಧೂಳು ಇಳಿದಾಗ ಜೀಪು ಗಾಲಿ ಮೇಲಾಗಿ ಬಿದ್ದಿತ್ತು, ಅವನು ಅದರ ಅಡಿಯಲ್ಲಿದ್ದ. ಎತ್ತಿ ಇನ್ನೊಂದು ಜೀಪಿಗೆ ಹಾಕಿಕೊಂಡು ಹೊರಟೆವು. ಮಿಸ್ತ್ರಿಯ ತೊಡೆಯ ಮೇಲೆ ಅವನ ತಲೆ. ಗಂಗಾವತಿ ಇನ್ನೂ ಅರ್ಧ ದಾರಿ ಇರುವಾಗಲೇ ಮಿಸ್ತ್ರಿ ಡ್ರೈವರನ ಹೆಗಲು ಮುಟ್ಟಿ, ಇನ್ನು ಜೋರು ಬೇಡ ಅಂದರು.

ಮಣ್ಣು ಮಾಡಿದ ಮೂರನೆಯ ದಿನ ಮಿಸ್ತ್ರಿ ಉಳಿದ ಎಂಟೂ ಜೀಪುಗಳನ್ನು ಶೆಡ್ಡಿಗೆ ಕರೆಸಿದರು. ಬೇರೆ ಯಾರಿಗೂ ಹೀಗಾಗಬಾರದು, ಬಿಚ್ಚಿ ನೋಡಿಬಿಡುತ್ತೇನೆ ಅಂದರು. ಒಲ್ಲೆನೆನ್ನುವ ಮುಖ ಯಾರಿಗಿತ್ತು? ಎಲ್ಲರೂ ಬಂದರು. ಮೊದಲ ಗಾಡಿಯ ಅರಗು ಒಡೆದು ಗಾಲಿ ಬಿಚ್ಚಿದರು. ಒಳಗೆ ಹೊಚ್ಚ ಹೊಸ ಆಕ್ಸಲ್. ಗ್ರೀಸು ಇನ್ನೂ ಹಳದಿಯಾಗಿತ್ತು, ಮಣ್ಣು ಕಂಡಿರಲಿಲ್ಲ. ಮಿಸ್ತ್ರಿ ಮುಂದಿನ ಗಾಡಿಗೆ ನಡೆದರು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಆಕ್ಸಲ್ ಹಳೆಯದೇ, ಆದರೆ ನಟ್ಟು ಹೊಸದು. ನಾನು ಬೇವಿನ ಬುಡದಲ್ಲಿ ಕುಳಿತುಬಿಟ್ಟೆ. ಎಂಟಕ್ಕೆ ಎಂಟೂ ಗಾಡಿಗಳನ್ನು ನಾವು ಅರಗು ಹಾಕಿದ ಮೇಲೆ ಯಾರೋ ಬಿಚ್ಚಿದ್ದರು. ಬಿಚ್ಚಿ, ಸರಿಮಾಡಿ, ಮತ್ತೆ ಅರಗು ಹಾಕಿ, ಮತ್ತೆ ಚಾರ್‌ಮಿನಾರು ಒತ್ತಿದ್ದರು.

ಮಿಸ್ತ್ರಿ ತಮ್ಮ ರೂಪಾಯಿಯನ್ನು ತೆಗೆದು ಒಡೆದ ಅರಗಿನ ಚೂರಿನ ಮೇಲಿಟ್ಟರು. ಅಳತೆಗೆ ಅಳತೆ ಕೂಡಿತು.

ಮೊದಲು ಬಾಯಿ ಬಿಟ್ಟವನು ಕಾರಟಗಿಯ ಸಾವ್ಕಾರನೇ. "ನಮ್ಮವ್ವನ ಕೊಳ್ಳಾಗೂ ಐತ್ರಿ ಮಿಸ್ತ್ರಿ, ಅಂಥಾ ರೂಪಾಯಿ. ಗಾಲಿ ಆವಾಜ್ ಮಾಡಾಕತ್ತಿತ್ತು, ಅಂಜಿಕಿ ಆತು. ಮೋಸ ಮಾಡಬೇಕಂತ ಬಿಚ್ಚಿಲ್ರಿ, ಅವ್ವನ ಆಣಿ" ಅಂದ. ತಾ ಕಳ್ಳ ಪರರ ನಂಬ ಅಂತಾರೆ. ನನಗೆ ಮೈಯೆಲ್ಲ ಬೆಂಕಿಯಾಯಿತು. ಅವನ ಕೊರಳಪಟ್ಟಿ ಹಿಡಿಯಬೇಕೆಂದು ಎದ್ದೆ. ಎದ್ದವನಿಗೆ ಹೊಳೆಯಿತು, ಅವನು ಹೇಳುತ್ತಿರುವುದು ಸುಳ್ಳಲ್ಲ. ಇಂಜನ್ನಿನ ಅರಗು ಯಾರೂ ಮುಟ್ಟಿರಲಿಲ್ಲ. ಹಲ್ಲುಚಕ್ರ ಯಾರೂ ಬದಲಿಸಿರಲಿಲ್ಲ. ಎಂಟು ಜನ ಮಾಡಿದ್ದು ಜೀವ ಉಳಿಸಿಕೊಳ್ಳುವ ಕೆಲಸ. ಅದನ್ನು ಕಳ್ಳತನವಾಗಿಸಿದ್ದು ನನ್ನ ಮೂರು ಶಬ್ದ. ಅವರ ತಪ್ಪೆಂದರೆ ಆ ದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ನಿಂತದ್ದು. ಅದಕ್ಕೆ ಕ್ಷಮೆ ಇಲ್ಲ. ನನಗೂ ಇಲ್ಲ.

ಮಿಸ್ತ್ರಿ ಸಿಟ್ಟಾಗಲಿಲ್ಲ. ಅರಗಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಕೂಡಿಸಿಕೊಂಡರು. "ಒಬ್ಬಾಂವ ನನ್ನ ಮಾತ ಕೇಳಿದ ನೋಡ್ರಿ ಮಾಸ್ತರ" ಅಂದರು. ಅಷ್ಟೇ.

ವಾರದ ಮೇಲೆ ನಾನು ಅವರ ಮನೆಗೆ ಹೋದೆ. ಮಿಸ್ತ್ರಿಯ ಹೆಂಡತಿಯನ್ನು ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಅಕ್ಕ ಆ ರೂಪಾಯಿಯನ್ನು ಮುಂದೆ ಇಟ್ಟುಕೊಂಡು ಕುಳಿತಿದ್ದರು. ಅತ್ತೂ ಅತ್ತೂ ದನಿ ಹೋಗಿತ್ತು. ನಾನು ಸಮಾಧಾನ ಹೇಳಲು ಹೋದವನು, ಮೂರ್ಖನಂತೆ, ಮುದ್ರೆಯ ಗುಟ್ಟು ನಿಮ್ಮ ತಮ್ಮನಿಗೆ ಗೊತ್ತಾಗಲಿಲ್ಲ ಪಾಪ ಎಂದೆ.

ಅಕ್ಕ ತಲೆ ಎತ್ತಿದರು. "ಇದನ್ನ ನಮ್ಮವ್ವ ತನ್ನ ಸರದಾಗಿಂದ ಬಿಚ್ಚಿ ಕೊಟ್ಟಿದ್ಲ್ರಿ ಮಾಸ್ತರ. ಉಳದ ಸರ ಮಂಗಳೂರಾಗ ಐತಿ, ಅವನ ಟ್ರಂಕಿನ್ಯಾಗ. ಸಣ್ಣಾಂವ ಇದ್ದಾಗ ಆ ಸರ ಹಿಡಕೊಂಡ ಮಲಗತಿದ್ದ. ಅವಂಗ ಗೊತ್ತಿರಲಾರದ ಏನ್ರಿ? ನಿಮ್ಮಿಬ್ಬರ ಮಾನ ಉಳೀಲಿ ಅಂತ ಅರಗ ಒಡೀಲಿಲ್ಲ."

ನಾನು ಅಲ್ಲಿಂದ ಹೇಗೆ ಎದ್ದು ಬಂದೆನೋ... ಚಪ್ಪಲಿ ಅವರ ಹೊಸ್ತಿಲಲ್ಲೇ ಬಿಟ್ಟು ಬಂದಿದ್ದೆ. ಮರಳಿ ತರಲು ಹೋಗುವ ಧೈರ್ಯವಾಗಲಿಲ್ಲ.

ಆರು ತಿಂಗಳೊಳಗೆ ಶೆಡ್ಡು ಮುಚ್ಚಿತು. ಇಬ್ಬರೂ ಮಂಗಳೂರಿಗೆ ಹೋಗಿ ತೀರಿಕೊಂಡವನ ಹೊಲ ನೋಡಿಕೊಂಡರೆಂದು ಕೇಳಿದೆ. ಎಂಬತ್ತರ ದಶಕದ ನಡುವೆ ಒಮ್ಮೆ ಮಿಸ್ತ್ರಿ ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಕಂಡರು. ಕೊಪ್ಪಳಕ್ಕೆ ಹೊರಡುವ ಬಸ್ಸಿನ ಸುತ್ತ ತಿರುಗುತ್ತ, ಕೈಯಲ್ಲಿ ಕಲ್ಲು ಹಿಡಿದು, ಗಾಲಿಯ ನಟ್ಟುಗಳನ್ನು ಒಂದೊಂದಾಗಿ ಬಡಿದು ಕಿವಿಗೊಡುತ್ತಿದ್ದರು. ದಿನಾ ಬರುತ್ತಾರೆ, ಎಷ್ಟು ಬೈದರೂ ಕೇಳುವುದಿಲ್ಲ ಎಂದು ಕಂಡಕ್ಟರು ಗೊಣಗಿದ. ನಾನು ಎದುರಿಗೆ ಹೋಗಿ ನಿಂತೆ. ಬಹಳ ಮುಪ್ಪಾಗಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು. "ಎಲ್ಲಾ ಬಿಗಿ ಅದಾವ ಮಾಸ್ತರ. ಹತ್ರಿ, ಏನೂ ಆಗಂಗಿಲ್ಲ" ಅಂದರು. ನಾನು ಹತ್ತಿದೆ. ತಪ್ಪಾಯಿತು ಎಂದು ಅವರಿಗೆ ಒಂದು ಮಾತು ಹೇಳಬೇಕಿತ್ತು, ಬಸ್ಸು ಹೊರಟುಬಿಟ್ಟಿತು. ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದು ವರ್ಷ ಕಳೆದ ಮೇಲೆ.

ಅಂಚೆ ಕಚೇರಿಯಲ್ಲಿ ಕೊಟ್ಟ ನೀರು ಕುಡಿದೆ. ಗುಮಾಸ್ತ ಗಾಬರಿಯಾಗಿದ್ದ. "ಯಾಕ್ರಿ ಸರ, ಮುದ್ರಿ ಛಲೋ ಬಿದ್ದಿಲ್ಲೇನು? ಮತ್ತೊಮ್ಮೆ ಹಾಕ್ಲೇನು?" ಎಂದು ಕೇಳಿದ.

"ಛಲೋ ಬಿದ್ದೈತಿ" ಎಂದೆ. "ಬಿಚ್ಚೂ ಪ್ರಸಂಗ ಬಂದ್ರ ಬಿಚ್ಚಲಿ ಬಿಡಪಾ."

ಅವನಿಗೆ ಅರ್ಥವಾಗಲಿಲ್ಲ, ರಸೀದಿ ಹರಿದು ಕೊಟ್ಟ. ಈ ಒಂದು ಮಾತನ್ನು ಆ ಬೆಳಿಗ್ಗೆ ಕೆರೆಯ ಅಂಗಳದಲ್ಲಿ, ನನ್ನ ಬಾಯಿಯ ಕಡೆಗೇ ನೋಡುತ್ತ ನಿಂತಿದ್ದ ಮಿಸ್ತ್ರಿಗೆ ಹೇಳಬೇಕಿತ್ತು. ನಲವತ್ತಕ್ಕೂ ಹೆಚ್ಚು ವರ್ಷ ತಡಮಾಡಿ, ಒಂದು ಜೊತೆ ಗೆಜ್ಜೆಗೆ ಹೇಳಿ ಬಂದೆ.